ಸೋಫಾ ಹಾಕಿದ ತಪ್ಪಿಗೆ ಧಾರವಾಡದವರೆಗೆ

ಕಾಶಿಗೆ ಹೋದವರು, ಕೇದಾರಕ್ಕೆ ಹೋದವರು ಪ್ರವಾಸದ ಕಥೆ ಬರೆಯುತ್ತಾರೆ. ನಾನು ಬರೆಯುತ್ತಿರುವುದು ಹುಬ್ಬಳ್ಳಿಯ ಬೆಂಗೇರಿಯಿಂದ ಧಾರವಾಡಕ್ಕೆ ಹೋಗಿ ಬಂದದ್ದನ್ನು. ದೂರ ಇಪ್ಪತ್ತು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಹೋಗುವಾಗ ಬಸ್ಸಿನ ಖರ್ಚು ಸೊನ್ನೆ, ಯಾಕೆಂದರೆ ಹೆಣ್ಣುಮಕ್ಕಳಿಗೆ ಸಾದಾ ಬಸ್ಸು ಪುಕ್ಕಟೆ. ನಗುವವರು ನಗಲಿ. ನಮ್ಮ ಮಹಿಳಾ ಸಂಘದವರು ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಗಂಟುಬಿದ್ದರು. ನಾನು ಪಿಯುಸಿವರೆಗೆ ಓದಿದವಳು, ಬರೆಯಲು ಬರುತ್ತದೆ. ನನ್ನ ಜನ್ಮದಲ್ಲಿ ಅಷ್ಟು ಉದ್ದ ಅನ್ನಿಸಿದ ದಾರಿಯೂ ಇನ್ನೊಂದಿಲ್ಲ.

ಹೊರಟದ್ದು ಶ್ರಾವಣದ ಒಂದು ಗುರುವಾರ, ಬೆಳಿಗ್ಗೆ ಎಂಟೂವರೆಗೆ. ಜಿಟಿಜಿಟಿ ಮಳೆ. ಜೊತೆಗೆ ಮಗಳು ಪವಿತ್ರಾ. ಧಾರವಾಡದ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡುತ್ತಿದ್ದಾಳೆ. ಮೊದಲ ವರ್ಷ ಇಡೀ ತರಗತಿಗೆ ಎರಡನೆಯವಳು. ನಾನು ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತೇನೆ, ನಮ್ಮವರು ಎಪಿಎಂಸಿಯಲ್ಲಿ ತೂಕದ ಕೆಲಸ ಮಾಡುತ್ತಾರೆ. ಮೊದಲ ವರ್ಷದ ಫೀ ಹೇಗೋ ತುಂಬಿದ್ದೆವು. ಎರಡನೆಯ ವರ್ಷದ್ದು ನಮ್ಮ ಕೈಗೆ ನಿಲುಕಲಿಲ್ಲ. ಧಾರವಾಡದ ಹಳೆಯ ಹತ್ತಿ ವ್ಯಾಪಾರಿಯೊಬ್ಬರ ಮನೆತನದವರು ನಡೆಸುವ ಟ್ರಸ್ಟ್ ಒಂದಿದೆ, ಓದುವ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ಪವಿತ್ರಾ ಅರ್ಜಿ ಹಾಕಿದಳು, ಅಂಕ ನೋಡಿ ಅವರು ಖುಷಿಪಟ್ಟರು. ಆಮೇಲೆ ಒಂದು ವಾರದ ಹಿಂದೆ ಪತ್ರ ಬಂತು: ಈ ವರ್ಷ ಕೊಡಲು ಬರುವುದಿಲ್ಲ.

ತಪ್ಪು ನನ್ನದು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆ ಟ್ರಸ್ಟಿನವರು ದುಡ್ಡು ಕೊಡುವ ಮೊದಲು ಒಬ್ಬ ಹಿರಿಯರನ್ನು ಮನೆ ನೋಡಲು ಕಳಿಸುತ್ತಾರೆ. ಮನೆ ನೋಡಲು ಬರುತ್ತಾರೆ ಅಂದರೆ ನಮ್ಮ ಓಣಿಯಲ್ಲಿ ಏನು ಮಾಡಬೇಕೆಂದು ಹಸುಗೂಸಿಗೂ ಗೊತ್ತು. ಬಾಜೂ ಮನೆಯ ಶಕುಂತಲಾ ವೈನಿಯ ಸೋಫಾ ಹೊರಗೆ ಬರಬೇಕು. ಆ ಸೋಫಾ ಹೆಸರಿಗೆ ವೈನಿಯದು, ಖರೆ ಹೇಳಬೇಕೆಂದರೆ ಓಣಿಯ ಆಸ್ತಿ. ಬೀಗರು ಬರಲಿ, ಕನ್ಯೆ ನೋಡುವವರು ಬರಲಿ, ನಾಲ್ಕು ಜನ ಅದನ್ನು ಹೊತ್ತುಕೊಂಡು ಹೋಗಿ ಆ ಮನೆಯಲ್ಲಿ ಇಡುತ್ತಾರೆ. ಅದರ ಮೇಲೆ ಕುಳಿತು ಏಳು ಲಗ್ನ ಕೂಡಿವೆ. ನಮ್ಮ ಮನೆಗೂ ಬಂತು. ಜೊತೆಗೆ ಗಾಜಿನ ಟೀಪಾಯ್ ಬಂತು, ವೈನಿಯ ಮಗ ತನ್ನ ಕಾರನ್ನು ನಮ್ಮ ಬಾಗಿಲಿಗೇ ತಂದು ನಿಲ್ಲಿಸಿದ. ಸೋಫಾಕ್ಕೆ ಜಾಗ ಬೇಕಲ್ಲ, ಪವಿತ್ರಾ ಓದುವ ಹಲಗೆಯನ್ನು ತೆಗೆದು ಹಿತ್ತಲಲ್ಲಿಟ್ಟು ಮೇಲೆ ತಾಡಪತ್ರಿ ಹೊದಿಸಿದೆ. ಬೇಡ ಬೇಡ ಎಂದು ಪವಿತ್ರಾ ಎರಡು ಸಲ ಹೇಳಿದಳು. ಬಾಯಿ ಮುಚ್ಚಿಸಿದೆ. ಬಂದ ಹಿರಿಯರಿಗೆ ಗೋಡಂಬಿ ಹಾಕಿದ ಶಿರಾ ಕೊಟ್ಟೆ, ರೊಟ್ಟಿ, ಎಣ್ಣೆಗಾಯಿ ಪಲ್ಯ ಬಡಿಸಿದೆ. ನಮಗೇನು ಕಡಿಮೆ ಇಲ್ಲರಿ, ದೇವರು ಛಲೋ ಇಟ್ಟಾನ ಎಂದು ಈ ಬಾಯಿಂದಲೇ ಅಂದೆ. ವಿದ್ಯಾರ್ಥಿವೇತನ ಕೇಳಿದವಳು ಆಡುವ ಮಾತೇ ಅದು?

ಪತ್ರ ಬಂದ ದಿನ ನಮ್ಮವರು ಮಾಡಿದ್ದುಣ್ಣೋ ಮಹಾರಾಯ ಎಂದಷ್ಟೇ ಹೇಳಿ ಕೆಲಸಕ್ಕೆ ಹೋದರು. ಎರಡು ದಿನ ಬಿಟ್ಟು ಪವಿತ್ರಾ, ದುರ್ಗದಬೈಲಿನ ಹತ್ತಿರ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ ಬರೆಯಲು ಜನ ಬೇಕಂತೆ, ಒಂದನೇ ತಾರೀಖಿನಿಂದ ಹೋಗುತ್ತೇನೆ ಎಂದಳು. ಆ ಮಾತು ಕೇಳುತ್ತ ನಾನು ಹಾಕಿದ ರೊಟ್ಟಿ ಹಂಚಿನ ಮೇಲೆಯೇ ಸೀದುಹೋಯಿತು. ಟ್ರಸ್ಟಿಗೆ ಫೋನ್ ಮಾಡಿದೆ. ಗುರುವಾರ ಸಂಜೆ ಐದಕ್ಕೆ ಆಯ್ಕೆಯಾದವರ ಯಾದಿ ಮುಗಿಯುತ್ತದೆ, ಅಷ್ಟರೊಳಗೆ ಬಂದು ಏನು ಹೇಳುವುದಿದೆಯೋ ಹೇಳಿ ಅಂದರು.

ಬೆಂಗೇರಿಯಿಂದ ಹುಬ್ಬಳ್ಳಿಯ ಹಳೇ ಬಸ್ ನಿಲ್ದಾಣಕ್ಕೆ ಒಂದು ಬಸ್ಸು, ಅಲ್ಲಿಂದ ಧಾರವಾಡಕ್ಕೆ ಇನ್ನೊಂದು. ಪವಿತ್ರಾ ತನ್ನದೇ ಬೇರೆ ದಾರಿಯಲ್ಲಿ ಓಡುವ ಎಸಿ ಚಿಗರಿ ಬಸ್ಸಿಗೆ ಹೋಗೋಣ, ಲಗೂ ಮುಟ್ಟುತ್ತೇವೆ ಅಂದಳು. ಅದಕ್ಕೆ ಟಿಕೆಟ್ ಬೇಕು, ಸಾದಾ ಬಸ್ಸಿಗೆ ಆಧಾರ್ ಕಾರ್ಡ್ ಸಾಕು. ಸಾದಾ ಬಸ್ಸೇ ಎಂದೆ. ಬಸ್ಸಿನಲ್ಲಿ ಅವಳು ನನ್ನ ಹಿಂದಿನ ಸೀಟಿನಲ್ಲಿ ಕುಳಿತಳು, ಪಕ್ಕದಲ್ಲಿ ಜಾಗ ಇದ್ದರೂ. ಉಣಕಲ್ ಕೆರೆ ಬಂದಾಗ ಕಿಟಕಿಯಿಂದ ಎರಚಲು ಹೊಡೆಯಿತು, ಆಗ ಎದ್ದು ಬಂದು ನನ್ನ ಪಕ್ಕ ಕುಳಿತು ಗಾಜು ಎಳೆದಳು.

ನಾನು ಮನಸ್ಸಿನಲ್ಲೇ ಒಂದು ವಾಕ್ಯ ಉರುಹೊಡೆಯುತ್ತಿದ್ದೆ. "ನಾವು ಬಡವರ ಅದೇವ್ರಿ ಸರ." ಎಷ್ಟು ಸಣ್ಣ ಮಾತು! ನವನಗರ ದಾಟಿತು, ರಾಯಾಪುರ ದಾಟಿತು, ಸತ್ತೂರು ಬಂತು. ತುಟಿ ಅಲ್ಲಾಡುತ್ತದೆ, ಮಾತು ಹೊರಗೆ ಬರಲೊಲ್ಲದು. ಒಲೆಯ ಮುಂದೆ ಕುಳಿತೇ ಇಪ್ಪತ್ತೈದು ವರ್ಷ ಸಂಸಾರ ಮಾಡಿದ್ದೇನೆ, ಇಷ್ಟು ವರ್ಷದಲ್ಲಿ ಯಾರ ಮುಂದೆಯೂ ಅದನ್ನು ಅಂದಿರಲಿಲ್ಲ. ನನ್ನ ಸೊಕ್ಕು ಅನ್ನಿ, ಬಡಿವಾರ ಅನ್ನಿ, ಇದ್ದದ್ದು ಅಷ್ಟೇ.

ಜುಬಿಲಿ ಸರ್ಕಲ್‌ನಲ್ಲಿ ಇಳಿದಾಗ ಹತ್ತೂಕಾಲು. ಮಳೆ ಜೋರಾಗಿತ್ತು. ರಿಕ್ಷಾದವನು ಅರವತ್ತು ಕೇಳಿದ, ನಲವತ್ತಕ್ಕೆ ಇಳಿಸಿದೆ. ಟ್ರಸ್ಟಿನ ಕಚೇರಿ ಒಂದು ಹಳೆಯ ಮನೆಯ ಪಡಸಾಲೆ. ಕಾರ್ಯದರ್ಶಿ ನನ್ನ ವಯಸ್ಸಿನ ಹೆಣ್ಣುಮಗಳು, ಕನ್ನಡಕ ಹಾಕಿದವರು. ನಮ್ಮ ಮನೆ ನೋಡಲು ಬಂದಿದ್ದ ಹಿರಿಯರು ಒಂದು ಗಂಟೆಗೆ ಬರುತ್ತಾರೆ, ಕೂತಿರಿ ಅಂದರು. ಕೂತೆವು. ಹನ್ನೆರಡಕ್ಕೆ ಹೊಟ್ಟೆ ತಾಳ ಹಾಕತೊಡಗಿ, ಎದುರಿನ ಗಾಡಿಯಲ್ಲಿ ಇಪ್ಪತ್ತು ರೂಪಾಯಿಗೊಂದು ಪ್ಲೇಟ್ ಚುರುಮುರಿಯ ಗಿರಮಿಟ್ ತಿಂದೆವು. ಉಳ್ಳಾಗಡ್ಡಿ ಕಡಿಮೆ, ಖಾರ ಹೆಚ್ಚು. ಪವಿತ್ರಾ ತನ್ನ ಪ್ಲೇಟಿನ ಮೆಣಸಿನಕಾಯಿಯನ್ನು ನನಗೆ ಹಾಕಿದಳು, ಸಿಟ್ಟು ಇಳಿದಿದೆ ಎಂದು ಗೊತ್ತಾಯಿತು.

ಆ ಹಿರಿಯರು, ಎಲ್ಲರೂ ಮಾಸ್ತರರು ಅನ್ನುವವರು, ಒಂದೂವರೆಗೆ ಬಂದರು. ಎಪ್ಪತ್ತರ ಮೇಲಿನವರು, ಗಣಿತ ಕಲಿಸಿ ನಿವೃತ್ತರಾದವರು, ಕೈಯಲ್ಲಿ ಉದ್ದನೆಯ ಛತ್ರಿ. ನನ್ನನ್ನು ನೋಡಿ ಗುರುತು ಹಿಡಿದು, ಅವತ್ತಿನ ಶಿರಾ ಇನ್ನೂ ನಾಲಿಗೆಯ ಮೇಲಿದೆ ಅಂದರು. ನಗಬೇಕೆಂದೆ, ಆಗಲಿಲ್ಲ. ಕಾರ್ಯದರ್ಶಿ ಫೈಲು ತೆಗೆದು ಅವರು ಬರೆದದ್ದನ್ನು ಓದಿದರು: ಮನೆಯ ಸ್ಥಿತಿ ಉತ್ತಮ. ಸೋಫಾ, ಗಾಜಿನ ಟೀಪಾಯ್, ಬಾಗಿಲಲ್ಲಿ ಕಾರು. ಹುಡುಗಿ ಓದುವ ಜಾಗ ಕಾಣಲಿಲ್ಲ.

ಆ ಕೊನೆಯ ಮಾತು ನನ್ನ ಎದೆಗೆ ನಾಟಿತು. ಮುಂಜಾನೆ ನಾಲ್ಕಕ್ಕೆ ನಾನು ಹಿಟ್ಟು ನಾದಲು ಎದ್ದರೆ ನನ್ನ ಜೊತೆಗೇ ಎದ್ದು ಆ ಹಲಗೆಯ ಮುಂದೆ ಕೂರುವ ಹುಡುಗಿ ಇವಳು. ಅವರು ನೋಡಲು ಬಂದದ್ದೇ ಅದನ್ನು. ನಾನು ಅದಕ್ಕೇ ತಾಡಪತ್ರಿ ಹೊದಿಸಿದ್ದೆ.

ನಾನು ಬಾಯಿ ತೆರೆದೆ. ದಾರಿಯುದ್ದಕ್ಕೂ ಉರುಹೊಡೆದ ವಾಕ್ಯ ಬರಲಿಲ್ಲ. ಪವಿತ್ರಾ ಎದ್ದು ನಿಂತಳು.

"ಸೋಫಾ, ಟೀಪಾಯ್ ಬಾಜೂ ಮನಿ ವೈನೀವ್ರಿ ಸರ. ಕಾರ ಅವರ ಮಗಂದು. ನಮ್ಮ ಮನ್ಯಾಗ ಯಾರಿಗೂ ಕಾರ ಓಡಸಾಕ ಬರಂಗಿಲ್ಲ. ಬಂದವರ ಮುಂದ ಕಡಿಮಿ ಕಾಣಬಾರದಂತ ನಮ್ಮವ್ವ ಮಾಡಿದ್ಲು. ಸುಳ್ಳ ಹೇಳಬೇಕಂತ ಅಲ್ರಿ."

ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಸಿಟ್ಟಾದರೋ ನಕ್ಕರೋ ತಿಳಿಯಲಿಲ್ಲ. ನನ್ನ ಕಡೆ ತಿರುಗಿ ಕೇಳಿದರು:

"ಹಂಗಾರ ಅವತ್ತ ಆ ಮನ್ಯಾಗ ನಿಮ್ಮದು ಅಂತ ಏನಿತ್ರಿ ಅಕ್ಕಾರ?"

"ರೊಟ್ಟಿ ನಂದ್ರಿ ಸರ," ಅಂದೆ. "ಈಕಿ ನನ್ನಾಕಿ. ಇವೆರಡೂ ಯಾರ ಮನಿಯಿಂದ್ಲೂ ತಂದಿದ್ದಲ್ಲ."

ಎಲ್ಲಿಂದ ಬಂತೋ ಆ ಮಾತು, ನನಗೇ ಗೊತ್ತಿಲ್ಲ. ಕಾರ್ಯದರ್ಶಿಯವರು ಫೈಲಿನ ಮೇಲೆ ಕೈಯಿಟ್ಟರು. ಆಮೇಲೆ ಮೆತ್ತಗೆ ಹೇಳಿದರು: ಬಾಯಿಮಾತಿನ ಮೇಲೆ ಬರೆದದ್ದನ್ನು ತಿದ್ದಲು ಬರುವುದಿಲ್ಲ, ಮನೆಯನ್ನು ಇನ್ನೊಮ್ಮೆ ನೋಡಬೇಕಾಗುತ್ತದೆ, ಯಾದಿ ಮಾತ್ರ ಐದಕ್ಕೇ ಮುಗಿಯುತ್ತದೆ. ಮಾಸ್ತರರು ಛತ್ರಿ ಎತ್ತಿಕೊಂಡು, ನಡೀರಿ, ಈಗಲೇ ನೋಡುತ್ತೇನೆ ಎಂದು ಬಾಗಿಲಿಗೆ ಹೋಗಿಯೇ ಬಿಟ್ಟರು.

ನನ್ನ ಹುಟ್ಟುಗುಣ ನೋಡಿ. ಬೆಳಿಗ್ಗೆ ಬಿಟ್ಟುಬಂದ ಮನೆ ಕಣ್ಣಮುಂದೆ ಬಂತು: ನೆಲದ ಮೇಲೆಲ್ಲ ಹಿಟ್ಟು, ನಡುಮನೆಯಲ್ಲಿ ಹಗ್ಗ ಕಟ್ಟಿ ಹಾಕಿದ ಹಸಿ ಬಟ್ಟೆ. ನಾಳೆ ಬರ್ರಿ ಸರ ಅನ್ನಬೇಕೆಂದು ಬಾಯಿ ತೆರೆದಿದ್ದೆ. ಪವಿತ್ರಾ ನನ್ನ ರಟ್ಟೆಯನ್ನು ಚಿವುಟಿದಳು.

ಹೊತ್ತಿಲ್ಲವೆಂದು ಮಾಸ್ತರರು ಚಿಗರಿ ಬಸ್ಸಿಗೆ ಮೂರು ಟಿಕೆಟ್ ತಾವೇ ತೆಗೆಸಿದರು. ನಾನು ಬೇಡ ಅಂದದ್ದು ಅವರ ಕಿವಿಗೆ ಬೀಳಲಿಲ್ಲ. ನನಗೆ ತಣ್ಣನೆಯ ಗಾಳಿಯ ಬಸ್ಸು ಅದೇ ಮೊದಲು. ಒದ್ದೆ ಸೀರೆಯಲ್ಲಿ ಹಲ್ಲು ಕಟಕಟ ಅಂದವು. ಹೋಗುವಾಗ ತೆವಳಿಕೊಂಡು ಹೋದ ಸತ್ತೂರು, ರಾಯಾಪುರ ಬರುವಾಗ ಕಣ್ಣು ಮಿಟುಕಿಸುವುದರೊಳಗೆ ಹಿಂದಾದವು.

ಮಾಸ್ತರರು ಆ ದಾರಿಯಲ್ಲಿ ತಮ್ಮ ಕಥೆ ಹೇಳಿದರು. ಅವರು ಧಾರವಾಡದಲ್ಲಿ ವಾರಾನ್ನ ಮಾಡಿ ಓದಿದವರು, ಅಂದರೆ ವಾರದ ಏಳು ದಿನ ಏಳು ಮನೆಯಲ್ಲಿ ಊಟ. ಬುಧವಾರದ ಮನೆಯವರು ಬಹಳ ಒಳ್ಳೆಯವರು, ಆದರೆ ಇನ್ನಷ್ಟು ಹಾಕಲೇ ಎಂದು ಒಂದೇ ಸಲ ಕೇಳುತ್ತಿದ್ದರು. ಒಂದೇ ಸಲಕ್ಕೆ ಹೂಂ ಅನ್ನುವುದು ಮರ್ಯಾದೆಯಲ್ಲವೆಂದು ಇವರು ಸಾಕು ಅನ್ನುತ್ತಿದ್ದರು. "ನಾಲ್ಕ ವರ್ಷ ಎಲ್ಲಾ ಬುಧವಾರ ಅರ್ಧ ಉಪಾಸ ಇದ್ದೆನ್ರಿ ಅಕ್ಕಾರ," ಅಂದರು. "ಯಾರ ತಪ್ಪೂ ಅಲ್ಲ. ಅವತ್ತ ನಿಮ್ಮ ಮನ್ಯಾಗ ನನಗ ಅದು ನೆನಪಾಗಬೇಕಿತ್ತು. ಶಿರಾ ತಿಂದು ಮರತೆ." ಪವಿತ್ರಾ ಬಾಯಿ ಮುಚ್ಚಿಕೊಂಡು ನಕ್ಕಳು, ನಾನೂ ನಕ್ಕೆ, ಬೆಳಿಗ್ಗೆಯಿಂದ ಅದೇ ಮೊದಲ ಸಲ.

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಓಣಿ ಸೇರಿದಾಗ ಮೂರೂಮುಕ್ಕಾಲು. ಶಕುಂತಲಾ ವೈನಿ ಕಟ್ಟೆಯ ಮೇಲೆ ನಿಂತಿದ್ದರು. ಮಾಸ್ತರರನ್ನು ಕಂಡವರೇ ಗಾಬರಿಯಾಗಿ, ಅವರ ಬೆನ್ನ ಹಿಂದಿನಿಂದ ನನಗೆ ಎರಡೂ ಕೈಯಲ್ಲಿ ಸೋಫಾ ಎತ್ತಿ ತೋರಿಸುವ ಹಾಗೆ ಸನ್ನೆ ಮಾಡಿದರು. ಪಾಪ, ಒಳ್ಳೆಯ ಜೀವ. ನಾನು ಬೇಡವೆಂದು ತಲೆಯಾಡಿಸಿದೆ. ಜ್ವರ ಬಂತೇನು ಅನ್ನುವ ಹಾಗೆ ನನ್ನನ್ನೇ ನೋಡಿದರು.

ಬೀಗ ತೆಗೆದೆ. ಹಸಿ ಬಟ್ಟೆ ಹಾಗೇ ಇತ್ತು, ಮಾಸ್ತರರು ತಲೆ ತಗ್ಗಿಸಿ ದಾಟಿದರು. ಹೆಣೆದ ಬುಟ್ಟಿಯಲ್ಲಿ ಮುಂಜಾನೆಯ ರೊಟ್ಟಿಯ ಅಟ್ಟಿ, ಸಂಜೆ ಖಾನಾವಳಿಗೆ ಹೋಗಬೇಕಾದದ್ದು. ಮೂಲೆಯಲ್ಲಿ ಎರಡು ಹಿಟ್ಟಿನ ಡಬ್ಬಿ, ಅವುಗಳ ಮೇಲೆ ಹಲಗೆ, ಹಲಗೆಯ ಮೇಲೆ ಗೋಡೆಗೆ ಒರಗಿಸಿದ ಪುಸ್ತಕಗಳು. ಮಾಸ್ತರರು ಅದರ ಮುಂದೆ ಚಾಪೆಯ ಮೇಲೆಯೇ ಕುಳಿತು ಒಂದು ನೋಟುಬುಕ್ಕು ತೆಗೆದರು. ಹಾಳೆಗಳ ನಡುವಿನಿಂದ ಹಿಟ್ಟು ಉದುರಿತು. ನನಗೆ ನಾಚಿಕೆಯಾಗಲಿಲ್ಲ. ಖರೆ ಹೇಳುತ್ತೇನೆ, ಹೆಮ್ಮೆಯಾಯಿತು.

ಇದೇನು ಎಂದು ಅವರು ಒಂದು ಪುಟ ತೋರಿಸಿ ಕೇಳಿದರು. ನೀರಿನೊಳಗಿನ ಫ್ಲೋರೈಡ್ ತೆಗೆಯುವ ಬಗ್ಗೆ ಅವಳು ಮಾಡಬೇಕೆಂದಿರುವ ಪ್ರಾಜೆಕ್ಟು. ಪವಿತ್ರಾ ಹೇಳುತ್ತ ಹೋದಳು. ಮೊದಲು ನಿಂತುಕೊಂಡು, ಆಮೇಲೆ ಅವರ ಪಕ್ಕ ಕೂತು, ಆಮೇಲೆ ಅವರ ಪೆನ್ನನ್ನೇ ಕಸಿದುಕೊಂಡು ಬರೆಯುತ್ತ. ನನಗೆ ಒಂದಕ್ಷರ ತಿಳಿಯಲಿಲ್ಲ. ಮಾಸ್ತರರಿಗೂ ಅರ್ಧ ತಿಳಿದಿರಲಿಕ್ಕಿಲ್ಲ, ಆದರೂ ನಡುವೆ ಬಾಯಿ ಹಾಕಲಿಲ್ಲ. ನನ್ನ ಮಗಳು ಇಷ್ಟು ಮಾತಾಡುತ್ತಾಳೆಂದು ನನಗೆ ಅಂದೇ ಗೊತ್ತಾದದ್ದು. ಅವಳು ಬಟ್ಟೆ ಅಂಗಡಿಯಲ್ಲಿ ಬಿಲ್ ಬರೆಯುವುದನ್ನು ನೆನೆಸಿಕೊಂಡು ಕಣ್ಣು ತುಂಬಿ ಬಂತು, ಒಲೆ ಹಚ್ಚುವ ನೆಪದಲ್ಲಿ ಒಳಗೆ ಹೋದೆ.

ಅಲ್ಲಿಂದಲೇ ಅವರು ಫೋನಿನಲ್ಲಿ ಮಾತಾಡುವುದು ಕೇಳಿಸಿತು. "ಪವಿತ್ರಾನ ಹೆಸರು ಸೇರಿಸ್ರಿ. ಹೌದ್ರಿ, ನಾ ಬರದಿದ್ದು ತಪ್ಪಾಗಿತ್ತು. ಓದೂ ಜಾಗಾ ಈಗ ಕಂಡೆ." ಗಡಿಯಾರ ನೋಡಿದೆ, ನಾಲ್ಕೂ ಇಪ್ಪತ್ತು. ಹಂಚು ಒಲೆಯ ಮೇಲಿಟ್ಟು, ಬಿಸಿ ರೊಟ್ಟಿ ಬಡಿದು, ಶೇಂಗಾ ಚಟ್ನಿ, ಮೊಸರು ಹಾಕಿ ಕೊಟ್ಟೆ. ಗೋಡಂಬಿ ಮನೆಯಲ್ಲಿರಲಿಲ್ಲ. ಇನ್ನೊಂದು ಹಾಕಲೇ ಎಂದು ಮೂರು ಸಲ ಕೇಳಿದೆ, ಮೂರನೆಯ ಸಲಕ್ಕೆ ಹೂಂ ಅಂದರು.

ಮಳೆ ನಿಂತಿತ್ತು. ನಾನೂ ಪವಿತ್ರಾನೂ ಅವರನ್ನು ಬಸ್ ಸ್ಟಾಪಿನವರೆಗೆ ಕಳಿಸಲು ಹೋದೆವು. ಓಣಿಯ ಜನವೆಲ್ಲ ಕಟ್ಟೆಯ ಮೇಲೆ ಬಂದು ನೋಡಿತು, ನಾನು ಸೆರಗು ಸರಿಮಾಡಿಕೊಂಡು ನಡುಬೀದಿಯಲ್ಲೇ ನಡೆದೆ. ಮಾಸ್ತರರು ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತು, ಛತ್ರಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ಬಾಗಿದರು.

"ಮುಂದಿನ ಸಲ ಹೇಳದ ಬರ್ತೇನ್ರಿ ಅಕ್ಕಾರ."

"ಬರ್ರಿ ಸರ," ಅಂದೆ. "ಹೇಳಿ ಬಂದ್ರೂ ಮನಿ ಹಿಂಗ ಇರತೈತಿ."