ಮಾಸೂರಿಗೆ ಹೋಗಿ ಬರುವ ಡಾಕ್ಟರು

ಬಾಯಿ, ಗಂಟಲಿನ ಮುಂದುವರಿದ ಕ್ಯಾನ್ಸರಿಗೆ ಎರಡು ಇಮ್ಯುನೊಥೆರಪಿ ಔಷಧಗಳನ್ನು ಜೋಡಿಸಿ ಕೊಡುವ ಪ್ರಯೋಗ ನಮ್ಮ ಆಸ್ಪತ್ರೆಯಲ್ಲಿ ನಡೆದಾಗ, ಹಾನಗಲ್ಲ, ಶಿಗ್ಗಾಂವ, ಹಿರೇಕೆರೂರ ಕಡೆಯ ರೋಗಿಗಳ ನಾಲಿಗೆಗೆ ಆ ಔಷಧಗಳ ಹೆಸರು ಹೊರಳಲಿಲ್ಲ, ಅವರೆಲ್ಲ ಡಾ. ತರನ್ನುಮ ಅವರ ಹೆಸರು ಹೇಳಿಕೊಂಡೇ ಬಂದರು. ಹೊಗಳಿದರೆ ಮೇಡಂ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ, ಇವತ್ತು ಅವರ ನಿವೃತ್ತಿಯ ಬೀಳ್ಕೊಡುಗೆ, ಇನ್ನು ನನ್ನಂಥ ನರ್ಸನ್ನು ಗದರಿಸುವಂತಿಲ್ಲ!

ಸವಣೂರಿನ ಬಳೆ ವ್ಯಾಪಾರಿಗಳ ಮನೆಯಿಂದ ಬಂದ ಅವರು ಸೇವೆಯುದ್ದಕ್ಕೂ ಒಬ್ಬರೇ ಇದ್ದರು. ಊಟದ ಹೊತ್ತಿಗೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಸೊಕ್ಕು ಎಂದು ನಾವು ಆಡಿಕೊಂಡೆವು. ಒಳಗೆ, ನಾಲ್ಕು ಮಂದಿಯೆದುರು ಉಣ್ಣಲು ನಾಚುವ ರೋಗಿಗೆ ತಮ್ಮ ಡಬ್ಬಿಯ ಅನ್ನವನ್ನೇ ಹಿಸುಕಿ ಕೊಡುತ್ತಿದ್ದರೆಂದು ನಮಗೆ ತಿಳಿದದ್ದು ಆಮೇಲೆ.

ಪ್ರಯೋಗದಲ್ಲಿ ಕೆಲವರಿಗೆ ಒಂದೇ ಔಷಧ, ಕೆಲವರಿಗೆ ಎರಡು; ಮಾಸೂರಿನ ಕೂಲಿಕಾರ ಹನುಮಂತಪ್ಪನವರಿಗೆ ಎರಡೂ ಸಿಕ್ಕವು. ದೇಹದ ರಕ್ಷಣಾಶಕ್ತಿಯನ್ನು ಕ್ಯಾನ್ಸರಿನ ಮೇಲೆ ಕೆರಳಿಸುವ ಈ ಔಷಧ ಕೆಲವೊಮ್ಮೆ ಸ್ವಂತ ಕರುಳಿನ ಮೇಲೂ ತಿರುಗಿಬೀಳುತ್ತದೆ. ಭೇದಿ ಶುರುವಾದರೆ ಕೂಡಲೇ ಹೇಳಬೇಕು. ಎಲ್ಲರಿಗೂ ಅದನ್ನು ತಿಳಿಸಿದ್ದೆವು. ಆದರೆ "ಆರಾಮದೀರಿ ಹೌದಲ್ರೀ?" ಎಂದು ಮೇಡಂ ಕೇಳಿದಾಗಲೆಲ್ಲ ಅವರು "ಆರಾಮ್ರಿ" ಎಂದೇ ಕೈಮುಗಿಯುತ್ತಿದ್ದರು. ಹಿರಿಯರು ಕೇಳಿದರೆ ನಮ್ಮ ಕಡೆ ಬೇರೆ ಉತ್ತರವೇ ಇಲ್ಲವಲ್ಲ! ಕರುಳು ಹುಣ್ಣಾಗಿ ಅವರನ್ನು ಹೊತ್ತು ತಂದಾಗ ಕಾಲ ಮೀರಿತ್ತು.

ಪ್ರಯೋಗದ ಫಲಿತಾಂಶ ಬಂದ ಮೇಲೆ ಮೇಡಂ ಮಾಸೂರಿಗೆ ಹೊರಟರು. ನಾನೂ ಜೊತೆಗಿದ್ದೆ. ಹನುಮಂತಪ್ಪನವರ ಹೆಂಡತಿ ಮಾದೇವಿಯವರ ಮುಂದೆ ನೆಲದ ಮೇಲೆ ಕುಳಿತು ಹೇಳಿದರು: "ತಂಗಿ, ನಿಮ್ಮವರು ಹೋಗಿದ್ದು ಕ್ಯಾನ್ಸರಿಂದಲ್ಲ, ನಾವು ಕೊಟ್ಟ ಔಷಧದಿಂದ. ಎರಡು ಕೂಡಿಸಿದ್ರೂ ಒಂದಕ್ಕಿಂತ ಹೆಚ್ಚು ಗುಣ ಕಾಣಲಿಲ್ಲ."

"ಭೇದಿ ಆಗಾಕತ್ತಿದ್ದು ನನಗ ಗೊತ್ತಿತ್ರಿ," ಎಂದರು ಮಾದೇವಿ. "ಹೇಳೂಣು ಅಂದ್ರ, 'ಬ್ಯಾಡ, ಡಾಕ್ಟರ್ ಬಾಯಾರು ಭಾಳ ಆಸೆ ಇಟ್ಟಾರ, ಬ್ಯಾಸರ ಮಾಡ್ಕೋತಾರ' ಅಂದ್ರು."

"ನಾ ಕೇಳಿದ ರೀತಿನ ತಪ್ಪಾತವ್ವಾ."

ಇಬ್ಬರೂ ಅತ್ತರು. ಆಮೇಲೆ ಮಾದೇವಿ ಎದ್ದು, "ಕುಂದರ್ರಿ, ಚಾ ಮಾಡ್ತೇನಿ" ಎಂದರು. ಅಂದಿನಿಂದ ಮೇಡಂ ಯಾವ ರೋಗಿಯನ್ನೂ ಆರಾಮವೇ ಎಂದು ಕೇಳಲಿಲ್ಲ. ನಿನ್ನೆ ಏನು ಉಂಡಿರಿ, ಬಯಲಿಗೆ ಎಷ್ಟು ಸಲ ಹೋದಿರಿ ಎಂದೇ ಕೇಳಿದರು. ಹಾಗೆ ಕೇಳಿದ್ದರಿಂದ, ಇಂಥದೇ ಔಷಧ ಪಡೆಯುತ್ತಿದ್ದ ಹತ್ತಿಮತ್ತೂರಿನ ಇಮಾಮಬಿಯವರ ಭೇದಿ ಮೊದಲ ದಿನವೇ ತಿಳಿದು, ಅವರ ಜೀವ ಉಳಿಯಿತು. ರಜೆಯ ದಿನ ಮೇಡಂ ಒಬ್ಬರೇ ಬಸ್ಸು ಹತ್ತಿ ಮಾಸೂರಿಗೆ ಹೋಗುತ್ತಾರೆ. ಜೊತೆಗೆ ಬರುತ್ತೇನೆಂದರೆ ಒಪ್ಪುವುದಿಲ್ಲ. ಅವರನ್ನು ಬಸ್‌ ಸ್ಟ್ಯಾಂಡಿನಲ್ಲಿ ಒಂಟಿಯಾಗಿ ನೋಡಿದಾಗ ಬಸ್ಸು ಹೊರಡುವವರೆಗೆ ನಾನೂ ಅಲ್ಲೇ ನಿಲ್ಲುತ್ತೇನೆ.

ಮೇಡಂ ನೂರು ಕಾಲ ಬಾಳಲಿ, ಅವರ ಕೈಗುಣ ಇನ್ನಷ್ಟು ರೋಗಿಗಳಿಗೆ ಸಿಗಲಿ. ಈ ಸಮಾರಂಭಕ್ಕೆ ಕರೆಯಲು ಹೋದಾಗ ಮಾದೇವಿ ಒಲ್ಲೆನೆಂದರು: "ಅಷ್ಟು ಮಂದಿಯೊಳಗ ಬಾಯಾರನ್ನ ನೋಡಾಕ ಆಗೂದಿಲ್ರಿ, ಅತ್ತುಬಿಡ್ತೇನಿ. ರಿಟೈರ್ ಆದ್ರಂತ ನಮ್ಮನಿಗೆ ಬರೂದು ಬಿಡಬ್ಯಾಡ್ರಿ ಅಂತ ಹೇಳ್ರಿ. ನಮ್ಮವರ ಸುದ್ದಿ ಮಾತಾಡಾಕ ನನಗ ಬ್ಯಾರೆ ಯಾರದಾರ?"