ಪೂಜೆ ಮಾಡಿ ಹಾಸಿದ ಮ್ಯಾಟು

ಮಾದೇವಿ, ತಪ್ಪು ನಿನ್ನ ಕಾಲಿನದಾಗಿರಲಿಲ್ಲ. ಸಾಮಣ್ಣನ ಕಾರಿನ ಗೇರು ಬೀಳದಂತೆ ಮಾಡಿದ್ದು ನಾನು ಹಾಸಿದ ಮ್ಯಾಟು. ಅದು ನನಗೆ ಗೊತ್ತಿತ್ತು — ನಿನ್ನ ಕೆಲಸ ಹೋಗುವುದಕ್ಕೆ ಮುಂಚೆಯೇ ಗೊತ್ತಿತ್ತು. ಆರು ವರ್ಷದಿಂದ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೇನೆ.

ಎಲ್ಲಿಂದ ಹೇಳಲಿ? ಆಯುಧಪೂಜೆಯಿಂದಲೇ ಹೇಳಬೇಕು. ಗುಂಡ್ಲುಪೇಟೆಯ ನನ್ನ ಗ್ಯಾರೇಜಿನಲ್ಲಿ ಒಂದು ಪದ್ಧತಿ — ಆಯುಧಪೂಜೆಗೆ ಬಂದ ಹಳೆಯ ಗಿರಾಕಿಗಳ ಗಾಡಿ ತೊಳೆದು, ನಿಂಬೆಹಣ್ಣು ಚಕ್ರಕ್ಕಿಟ್ಟು, ಡ್ರೈವರ್ ಕಾಲಡಿಗೆ ಹೊಸ ನಾರಿನ ಮ್ಯಾಟು ಹಾಸಿ ಕಳಿಸುವುದು. ಹಂಗಳದ ಸಾಮಣ್ಣ ತನ್ನ ಮಕ್ಕಳನ್ನೂ ಅಕ್ಕಪಕ್ಕದವರ ಮಕ್ಕಳನ್ನೂ ಪೇಟೆಯ ಶಾಲೆಗೆ ಬಿಡಲು ನಿನ್ನನ್ನು ಡ್ರೈವರ್ ಮಾಡಿಕೊಂಡಿದ್ದ ವರ್ಷ ಅದು. ಅವನ ಕಾರಿನಲ್ಲಿ ಹಳೆಯ ರಬ್ಬರ್ ಮ್ಯಾಟು ಇತ್ತು. ತೆಗೆಯಬೇಕಿತ್ತು. ಆವತ್ತು ಗಾಡಿಗಳ ಸಾಲು ರಸ್ತೆಯವರೆಗೂ ನಿಂತಿತ್ತು, ಅದರ ಮೇಲೆಯೇ ಹಾಸಿಬಿಟ್ಟೆ.

"ಪೂಜೆ ಮಾಡಿ ಹಾಸಿರದು ಕಣಮ್ಮಿ, ಮುಂದಿನ ಆಯುಧಪೂಜೆಗಂಟ ತಗೀಬ್ಯಾಡ" ಎಂದೆ. ನೀನು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಹತ್ತು ದಿನಕ್ಕೆ ನೀನು ನನ್ನನ್ನು ಹುಡುಕಿಕೊಂಡು ಬಂದೆ. ನಾನು ಟೀ ಅಂಗಡಿಯ ಬೆಂಚಿನ ಮೇಲೆ ನಾಲ್ಕು ಜನರ ನಡುವೆ ಕೂತಿದ್ದೆ.

"ಅಣ್ಣ, ಗೇರು ಬೋ ಬಿಗಿ ಆಗದ. ರಿವರ್ಸ್ ಹಾಕುದ್ರ ಗರ್ ಅಂತದ. ಕ್ಲಚ್ಚು ಪೂರ್ತಿ ಕೆಳಕ್ಕೆ ಓಯ್ತಾ ಇಲ್ಲ, ಅಡೀಲಿ ಏನೋ ತಡೀತದ."

ಎಷ್ಟು ಸರಿಯಾಗಿ ಹೇಳಿದ್ದೆ ನೀನು! ಇಪ್ಪತ್ತು ವರ್ಷ ಗಾಡಿ ಬಿಚ್ಚಿದವನಿಗೆ ಅಷ್ಟು ಸಾಕಿತ್ತು. ನಾನು ಬೆಂಚು ಬಿಟ್ಟು ಏಳಲಿಲ್ಲ.

"ಕುಣೀನಾರದವಳು ನೆಲ ಡೊಂಕು ಅಂದ್ಲಂತ. ಒಸಿ ಬಲವಾಗಿ ತುಳಿ, ಓಗು" ಎಂದೆ. ಎಲ್ಲರೂ ನಕ್ಕರು. ನೀನೂ ನಕ್ಕೆ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನೀನು ನಗಲಿಲ್ಲ.

ಮೂರನೇ ದಿನ ಶಾಲೆಯ ಏರಿನಲ್ಲಿ ಫಸ್ಟ್ ಗೇರು ಬೀಳದೆ ಕಾರು ಹಿಂದಕ್ಕೆ ಉರುಳಿತು. ಒಳಗೆ ಆರು ಮಕ್ಕಳು. ನೀನು ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದೆ, ಯಾರಿಗೂ ಏನೂ ಆಗಲಿಲ್ಲ. ಆದರೆ ಮಕ್ಕಳು ಕಿರುಚಿದ್ದು ಊರೆಲ್ಲ ಸುದ್ದಿಯಾಯಿತು. ಸಾಯಂಕಾಲ ಸಾಮಣ್ಣ ಕಾರನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬಂದ. ನೀನು ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿಕೊಂಡು ಕೂತಿದ್ದೆ, ಇಳಿದು ಹೋಗಿ, ರಸ್ತೆಯಲ್ಲಿ ಫೋನ್ ಹಿಡಿದು ಮಕ್ಕಳ ಅಪ್ಪಂದಿರಿಗೆ ಸಮಾಧಾನ ಹೇಳುತ್ತಿದ್ದ ಅವನ ಪಕ್ಕ ನಿಂತೆ.

ನಾನು ಸೀಟಿನಲ್ಲಿ ಕೂತು ಮೊದಲು ಎಂಜಿನ್ ಆಫ್ ಇಟ್ಟೇ ಗೇರು ಹಾಕಿದೆ. ಐದೂ ಸಲೀಸಾಗಿ ಬಿದ್ದವು. ಅಂದರೆ ಗೇರ್‌ಬಾಕ್ಸ್ ಚೆನ್ನಾಗಿದೆ. ಸ್ಟಾರ್ಟ್ ಮಾಡಿ ಹಾಕಿದೆ — ಫಸ್ಟು ಬೀಳಲಿಲ್ಲ, ರಿವರ್ಸು ಗರಗರ ಎಂದಿತು. ಅಂದರೆ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲ. ಬಾನೆಟ್ ಎತ್ತಿ ಕೇಬಲ್ ನೋಡಿದೆ, ಸರಿಯಿತ್ತು. ಮತ್ತೆ ಬಂದು ಕೂತು ಪೆಡಲ್ ಒತ್ತಿ ಹಿಡಿದು ಬಗ್ಗಿ ಕೈಯಾಡಿಸಿದೆ. ನಾರಿನ ಮ್ಯಾಟು ರಬ್ಬರಿನ ಮೇಲೆ ಜಾರಿ, ಮುಂದಕ್ಕೆ ಹೋಗಿ, ಪೆಡಲಿನ ಅಡಿಯಲ್ಲಿ ಮಡಚಿಕೊಂಡು ದಿಂಬಿನಂತೆ ಕೂತಿತ್ತು.

ಎಳೆದು ತೆಗೆದೆ. ಕ್ಲಚ್ಚು ತುಳಿದೆ. ಗೇರು ಬೆಣ್ಣೆಯ ಹಾಗೆ ಬಿತ್ತು.

ನೆಲವೇ ಡೊಂಕಾಗಿತ್ತು, ಮಾದೇವಿ. ಡೊಂಕು ಮಾಡಿದವನು ನಾನು.

"ಏನ್ಲಾ ಸಿದ್ದ, ಏನಾಗಿತ್ತು?" ಎಂದ ಸಾಮಣ್ಣ, ಹತ್ತಿರ ಬಂದು.

ಆಗ ಒಂದು ಮಾತು ಸಾಕಿತ್ತು. ಆದರೆ ಟೀ ಅಂಗಡಿಯ ಆ ನಾಲ್ಕು ಜನ, ಆ ನಗು... ಒಂದು ಮ್ಯಾಟು ಹಾಸಲು ಬಾರದ ಮೇಸ್ತ್ರಿ ಅಂತ ಪೇಟೆಯೆಲ್ಲ ಆಡಿಕೊಳ್ಳುತ್ತದೆ ಎಂದು ಹೆದರಿದೆ. ಮ್ಯಾಟನ್ನು ಕಾಲಿನಿಂದ ಸೀಟಿನ ಅಡಿಗೆ ತಳ್ಳಿದೆ. ತಳ್ಳಿ, ಹೇಳಿದೆ:

"ಗಾಡೀಲಿ ಏನೂ ಇಲ್ಲ ಕಣ ಸಾಮಣ್ಣ. ತಪ್ಪು ಓಡ್ಸವ್ರ ಕಾಲಲ್ಲೇ ಅದ."

ನೀನು ನನ್ನ ಮುಖ ನೋಡಿದೆ. "ನಾನು ಪೂರ್ತಿ ತುಳ್ದಿದ್ದೆ ಕಣಣ್ಣ" ಅಂದೆ. ಅಷ್ಟೇ. ನಾನು ಸ್ಪ್ಯಾನರ್ ಒರೆಸುತ್ತಾ ನಿಂತೆ. ನೀವು ಹೊರಡುವ ಮುಂಚೆ ಮ್ಯಾಟನ್ನು ಯಾರಿಗೂ ಕಾಣದಂತೆ ಸೀಟಿನಡಿಯಿಂದ ತೆಗೆದು ಗ್ಯಾರೇಜಿನೊಳಗೆ ಬಚ್ಚಿಟ್ಟೆ.

ಮಾರನೆಯ ದಿನದಿಂದ ಬೇರೆ ಡ್ರೈವರ್ ಬಂದ. ಮ್ಯಾಟು ಇಲ್ಲದ ಕಾರು, ಗೇರು ಯಾಕೆ ಬೀಳುವುದಿಲ್ಲ? "ನೋಡುದ್ರಾ, ಆ ಹುಡುಗಿ ಕಾಲೇ ಸರಿ ಇರ್ನಿಲ್ಲ" ಎಂದರು ಜನ. ನನ್ನ ಸುಳ್ಳಿಗೆ ಆ ಕಾರೇ ಸಾಕ್ಷಿ ಹೇಳಿತು. ಆಮೇಲೆ ಯಾರೂ ನಿನ್ನ ಕೈಗೆ ಸ್ಟೇರಿಂಗ್ ಕೊಡಲಿಲ್ಲ. ನೀನು ಚೆಂಡುಹೂವು ಕೀಳಲು ಹೋಗುತ್ತೀಯೆಂದು ಕೇಳಿದೆ. ಕೇಳಿ ಸುಮ್ಮನಾದೆ — ಥೂ, ಸುಮ್ಮನಾಗುವುದು ಎಷ್ಟು ಸುಲಭ!

ಹೋದ ವಾರ ಚಾಮರಾಜನಗರದ ಬಸ್ಸಿನಲ್ಲಿ ನಿನ್ನನ್ನು ಕಂಡೆ. ಡ್ರೈವರ್ ಹಿಂದಿನ ಸೀಟು, ಮಡಿಲಲ್ಲಿ ಬ್ಯಾಗು. ನೀನು ನನ್ನನ್ನು ನೋಡಲಿಲ್ಲ, ರಸ್ತೆಯನ್ನೇ ನೋಡುತ್ತಿದ್ದೆ. ಡ್ರೈವರ್ ಗೇರು ಬದಲಿಸುವಾಗಲೆಲ್ಲ ನಿನ್ನ ಎಡಗಾಲು ನೆಲವನ್ನು ಒತ್ತುತ್ತಿತ್ತು. ಪ್ರತಿ ಸಲವೂ, ಪೂರ್ತಿ. ನೋಡಲಾಗಲಿಲ್ಲ ನನಗೆ. ಚಾಮರಾಜನಗರಕ್ಕೆ ಟಿಕೆಟು ತೆಗೆದಿದ್ದವನು ನಡುವೆ ತೆರಕಣಾಂಬಿಯಲ್ಲೇ ಇಳಿದುಬಿಟ್ಟೆ.

ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ಯಾವ ಗಾಡಿಯ ಕ್ಲಚ್ಚು ಮುಟ್ಟಿದರೂ ಮೊದಲು ಬಗ್ಗಿ ಪೆಡಲಿನ ಅಡಿ ತಡವುತ್ತೇನೆ. ಕ್ಷಮಿಸು ಅಂತ ಕೇಳುವ ಯೋಗ್ಯತೆ ನನಗಿಲ್ಲ, ಕೇಳುವುದೂ ಇಲ್ಲ. ಆ ಮ್ಯಾಟು ಇನ್ನೂ ಗ್ಯಾರೇಜಿನಲ್ಲೇ ಇದೆ. ನಾಳೆ ಬೆಳಿಗ್ಗೆ ಅದನ್ನು ಸುತ್ತಿ ಹಿಡಿದುಕೊಂಡು ಮೊದಲು ಆ ಟೀ ಅಂಗಡಿಗೆ ಹೋಗುತ್ತೇನೆ — ಬೆಂಚು ತುಂಬಿರುವ ಹೊತ್ತಿಗೇ. ಅಲ್ಲಿಂದ ಸಾಮಣ್ಣನ ಹತ್ತಿರ. ಆಮೇಲೆ ಈ ಕಾಗದ ಹಿಡಿದು ನಿನ್ನ ಬಾಗಿಲಿಗೆ. ಮೂರೂ ಕಡೆ ಹೇಳುವುದು ಒಂದೇ ಮಾತು.

ನೀನು ಪೂರ್ತಿ ತುಳಿದಿದ್ದೆ.