ಬೆಳಕಿನ ಕೋಣೆಯ ಪ್ರೇಮಲತಾ

ಬೆಳಗಿನ ಆರೂವರೆ. ದಾವಣಗೆರೆಯ ಖಾಸಗಿ ಚರ್ಮದ ಆಸ್ಪತ್ರೆಯೊಂದರ ಹಿಂದಿನ ಕೋಣೆಯಲ್ಲಿ ಪ್ರೇಮಲತಾ ಬೆಳಕಿನ ಯಂತ್ರವನ್ನು ಒರೆಸುತ್ತಿದ್ದಾರೆ. ಹೊರಗೆ ಬೆಂಚಿನ ಮೇಲೆ ಆಗಲೇ ಒಂಬತ್ತು ಮಂದಿ. "ಎಣ್ಣೆ ಹಚ್ಕೊಂಡು ಬಂದೋರು ಮೊದ್ಲು ಒರೆಸ್ಕೊಳ್ರಿ. ಎಣ್ಣೆ ಇದ್ರೆ ಬೆಳಕು ಒಳಗೆ ಹೋಗಲ್ಲ!" ಎಂದು ಗದರುತ್ತಾರೆ. ಯಾರಿಗೂ ಬೇಸರವಿಲ್ಲ.

ಚರ್ಮ ಕೆಂಪಾಗಿ ಪೊರೆ ಏಳುವ ಸೋರಿಯಾಸಿಸ್‌ಗೆ ಮುಲಾಮು, ಮಾತ್ರೆ, ಚುಚ್ಚುಮದ್ದು ಎಲ್ಲ ಉಂಟು. ಯಾರಿಗೆ ಯಾವುದೆಂದು ವೈದ್ಯರು ನಿರ್ಧರಿಸುತ್ತಾರೆ. ಬೆಳಕಿನ ಚಿಕಿತ್ಸೆ ಬರೆಸಿಕೊಂಡವರು ಪ್ರೇಮಲತಾ ಪಾಲಿಗೆ. ವಾರಕ್ಕೆ ಮೂರು ದಿನ, ಮೊದಮೊದಲು ಕೆಲವೇ ಸೆಕೆಂಡು, ಕಣ್ಣಿಗೆ ಕಪ್ಪು ಕನ್ನಡಕ. ದಿನಕ್ಕೆ ಮೂವತ್ತು ಜನ. ಹರಿಹರದಿಂದ ಮೊದಲ ಬಸ್ಸಿಗೆ ಬರುವ ಪ್ರೇಮಲತಾ ಹನ್ನೊಂದು ವರ್ಷದಿಂದ ಈ ಕೋಣೆ ನೋಡಿಕೊಳ್ಳುತ್ತಿದ್ದಾರೆ.

ಆನಗೋಡಿನ ಚೌಡವ್ವ ರೊಟ್ಟಿ ತಟ್ಟಿ ಮಾರುವವರು. ಕೈಮೇಲೆ ಸೋರಿಯಾಸಿಸ್ ಕಾಣಿಸಿದ್ದೇ ತಡ, ಗಿರಾಕಿಗಳು ಬೇರೆ ಮನೆ ಹುಡುಕಿಕೊಂಡರು. ಅಂಟುರೋಗವಲ್ಲ ಎಂದರೆ ಕೇಳುವವರಾರು? ತಿಂಗಳೊಪ್ಪತ್ತಿನ ಚಿಕಿತ್ಸೆಗೆ ಕೈ ತಿಳಿಯಾಗತೊಡಗಿತು. ಆಗ ಚೌಡವ್ವನಿಗೆ ಹೊಳೆಯಿತು: ಅರ್ಧ ನಿಮಿಷದ ಬೆಳಕಿಗೇ ಇಷ್ಟು ಗುಣವಾದರೆ ಮಧ್ಯಾಹ್ನದ ಬಿಸಿಲಿಗೆ ಎಷ್ಟಾಗಬೇಡ! ಮಾಳಿಗೆ ಹತ್ತಿ ಕೈ ಚಾಚಿ ಕೂತರು. ಕೈ ಸುಟ್ಟು ಬೊಬ್ಬೆಯೆದ್ದಿತು. ಚಿಕಿತ್ಸೆಯ ಸಹವಾಸವೇ ಬೇಡವೆಂದು ಮನೆ ಹಿಡಿದರು.

"ತಪ್ಪು ನಂದೇರಿ. ಈ ಬೆಳಕು ತಗೊಂಡ ಮ್ಯಾಲೆ ಬಿಸ್ಲಿಗೆ ಹೋಗಬ್ಯಾಡ್ರಿ ಅಂತ ನಾನು ಹೇಳಿರ್ಲಿಲ್ಲ" ಎನ್ನುತ್ತಾರೆ ಪ್ರೇಮಲತಾ. ಭಾನುವಾರ ಬಸ್ಸು ಹಿಡಿದು ಆನಗೋಡಿಗೆ ಹೋದರು. "ಬೈಯಾಕೆ ಬಂದೀರೇನು?" ಎಂದರು ಚೌಡವ್ವ. "ಹೊಟ್ಟೆ ಹಸಿದೈತೆ. ಒಂದು ರೊಟ್ಟಿ ಕೊಡ್ರಿ" ಎಂದರು ಪ್ರೇಮಲತಾ.

ಮಾರಾಟವಾಗದೆ ಉಳಿದಿದ್ದ ಒಣ ರೊಟ್ಟಿಯ ಅಟ್ಟಿ ಮೂಲೆಯಲ್ಲಿತ್ತು. ಓಣಿಯವರೆಲ್ಲ ನೋಡುವಂತೆ ಜಗಲಿಯ ಮೇಲೆ ಕೂತು ಪ್ರೇಮಲತಾ ಎರಡು ರೊಟ್ಟಿ ತಿಂದರು. ಚೌಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. ಸುಟ್ಟ ಗಾಯ ಮಾಯ್ದ ಮೇಲೆ ಕೋಣೆಗೆ ಮರಳಿದರು. ವೈದ್ಯರು ಬೆಳಕಿನ ಪ್ರಮಾಣ ತಗ್ಗಿಸಿ ಮತ್ತೆ ಶುರುಮಾಡಿದರು.

ಇಂದು ಬೆಂಚಿನ ಮೇಲಿನ ಆ ಒಂಬತ್ತು ಮಂದಿಯಲ್ಲಿ ಚೌಡವ್ವನೂ ಇದ್ದಾರೆ, ಮಡಿಲಲ್ಲಿ ರೊಟ್ಟಿಗಂಟು. "ಪೂರ್ತಿ ಹೋಗೋ ರೋಗ ಅಲ್ಲಂತೆ, ಈಗ ಹದ್ದುಬಸ್ತಿನಾಗೈತೆ. ಗಿರಾಕಿ ಒಬ್ಬೊಬ್ರೇ ಬರಾಕತ್ತಾರ. ಆವತ್ತು ಈ ಅಕ್ಕ ಬರದಿದ್ರೆ ನಾನು ಒಲೆ ಹಚ್ಚತಿದ್ದಿಲ್ಲ" ಎನ್ನುತ್ತ, ಇವರ ಬಗ್ಗೆ ಬರೆಯಲು ಬಂದ ನನ್ನತ್ತಲೂ ಒಂದು ರೊಟ್ಟಿ ಚಾಚುತ್ತಾರೆ. ಇಷ್ಟೆಲ್ಲ ಕೇಳಿದ ಮೇಲೂ ನನ್ನ ಕೈ ಒಂದು ಕ್ಷಣ ತಡೆಯುತ್ತದೆ. ನಾಚಿಕೆಯಾಗುತ್ತದೆ. ತೆಗೆದುಕೊಂಡು ಮುರಿದು ತಿನ್ನುತ್ತೇನೆ.

ಪ್ರೇಮಲತಾ ಅದನ್ನು ಗಮನಿಸಿದ್ದಾರೆ. ನಿಮಗೇನು ಆಸೆ, ಇನ್ನೊಂದು ಯಂತ್ರವೇ ಎಂದು ಕೇಳಿದರೆ ಅಲ್ಲವೆಂದು ತಲೆಯಾಡಿಸುತ್ತಾರೆ.

"ಯಂತ್ರ ಬಂದ್ರೆ ಬರ್ಲಿ. ಇಲ್ಲಿಗೆ ಬರೋ ಇವರ ಮನೆಗೆ ನಾಲ್ಕು ಜನ ಊಟಕ್ಕೆ ಹೋಗ್ಲಿ. ಅಷ್ಟು ಸಾಕ್ರಿ."